ಒಳಗಿನ ಬೆಲ್ಟು

ಶನಿವಾರ, ಫೆಬ್ರವರಿ ೮
ಮಧ್ಯಾಹ್ನ

ಗಾಡಿಯ ಯಜಮಾನರಿಗೆ,

ಬರೀ ‘ಯಜಮಾನರಿಗೆ’ ಎಂದು ಬರೆಯಲು ಹೋದೆ, ಪೆನ್ನು ಮುಂದೆ ಹೋಗಲಿಲ್ಲ. ಎಂಟು ತಿಂಗಳಿಂದ ತನ್ನ ಅಕ್ಕನ ಮನೆಯಲ್ಲಿ ಕೂತ ಗಂಡನನ್ನು ಹಾಗೆ ಕರೆಯುವುದು ಹೇಗೆ? ಗಾಡಿಗಂತೂ ನೀವೇ ಯಜಮಾನರು, ಅದರಲ್ಲಿ ತಕರಾರಿಲ್ಲ. ಅದಕ್ಕೇ ಹೀಗೆ.

ನಿಮ್ಮ ಕಾಗದ ಸೋಮವಾರ ಬಂತು. ಮೂರೇ ಸಾಲು. ಗಾಡಿ ನೋಡಲು ಒಬ್ಬರು ಬರುತ್ತಾರೆ. ಹಳೆಯ ಗಾಡಿ ಕೂಡಿಡುವವರು, ಇದ್ದ ಹಾಗೇ ಒಯ್ಯುತ್ತಾರೆ. ನೀನು ಏನನ್ನೂ ಮುಟ್ಟಬೇಡ. ನಾನು ಬದುಕಿದ್ದೇನೋ ಸತ್ತಿದ್ದೇನೋ ಎಂದು ಒಂದು ಮಾತಿಲ್ಲ. ಇರಲಿ, ನಾನೂ ಕೇಳುವುದಿಲ್ಲ. ಆದರೆ ಆ ಮೂರನೆಯ ಸಾಲಿಗೆ ಮಾತ್ರ ಉತ್ತರ ಕೊಡದೆ ಬಿಡಲಾರೆ. ಮುಟ್ಟಬೇಡ ಅಂದಿರಲ್ಲ, ತಡವಾಯಿತು. ಮುಟ್ಟಿ ಐದು ತಿಂಗಳಾಯಿತು.

ಮೊದಲಿಗೆ ನನಗೆ ರಿಪೇರಿಯ ಯೋಚನೆಯೇ ಇರಲಿಲ್ಲ, ನಿಮ್ಮಾಣೆ. ಅದನ್ನು ಮುಂದಿನ ಕೋಣೆಯಿಂದ ಹಿಂದಿನ ಶೆಡ್ಡಿಗೆ ತಳ್ಳಬೇಕಿತ್ತು, ಅಷ್ಟೆ. ಮೂರು ವರ್ಷದಿಂದ ಆ ಕೋಣೆಯಲ್ಲಿ ಕೂರಲು ಜಾಗವಿಲ್ಲ. ಪೆಟ್ರೋಲ್ ಟ್ಯಾಂಕು ಕಪಾಟಿನ ಮೇಲೆ, ಕೆಂಪು ಕವಚ ಮಂಚದ ಕೆಳಗೆ, ಕಾರ್ಬುರೇಟರು ನನ್ನ ದೊಡ್ಡ ಪಾತ್ರೆಯಲ್ಲಿ. ‘ಅದು ಇರಬೇಕು, ಇಲ್ಲ ನಾನಿರಬೇಕು’ ಅಂದೆ. ನೀವು ಇಬ್ಬರನ್ನೂ ಬಿಟ್ಟು ಹೋದಿರಿ. ಅಂಥ ಉತ್ತರ ಬರಬಹುದೆಂದು ನನಗೆ ಹೊಳೆದಿರಲಿಲ್ಲ.

ತಳ್ಳಿದರೆ ಚಕ್ರ ಅಲ್ಲಾಡಲಿಲ್ಲ. ಹಿಂದಿನ ಬ್ರೇಕು ಕಚ್ಚಿಕೊಂಡಿತ್ತು. ಅದನ್ನು ಬಿಡಿಸೋಣ ಎಂದು ಒಂದು ಬೋಲ್ಟಿಗೆ ಪಾನಾ ಹಾಕಿದೆ. ಆ ಬೋಲ್ಟು ಬಿಚ್ಚಲು ಸೈಲೆನ್ಸರ್ ಬಿಚ್ಚಬೇಕು, ಸೈಲೆನ್ಸರ್ ಬಿಚ್ಚಲು ಇನ್ನೇನೋ ಬಿಚ್ಚಬೇಕು. ಈ ಬೈಕು ಮಾಡಿದ ಇಟಲಿಯವರು ಕೈಗೆ ಸಿಗುವ ಕಡೆ ಒಂದು ಬೋಲ್ಟನ್ನಾದರೂ ಇಟ್ಟಿದ್ದಾರೆಯೇ? ನಮ್ಮ ಕಾರ್ಖಾನೆಯಲ್ಲಿ ದಿನಕ್ಕೆ ಹತ್ತು ಹೊಲಿಗೆ ಮಷೀನು ಬಿಚ್ಚಿ ಕಟ್ಟುವವಳು ನಾನು, ಒಂದು ಬ್ರೇಕಿಗೆ ಮೂರು ಸಂಜೆ ಕಳೆದೆ. ಬೆರಳ ಗಿಣ್ಣಿನ ಚರ್ಮ ಕಿತ್ತು ಬಂತು. ನಾಲ್ಕನೆಯ ದಿನ ಚಕ್ರ ತಿರುಗಿತು. ತಳ್ಳಿಬಿಡಬಹುದಿತ್ತು. ತಳ್ಳಲಿಲ್ಲ. ಯಾಕೆ ಅಂತ ನನ್ನನ್ನು ಕೇಳಬೇಡಿ. ಮೂರು ದಿನ ಬೈಸಿಕೊಂಡ ಯಂತ್ರದ ಮೇಲೆ ಒಂದು ಥರದ ಹಟ ಹುಟ್ಟುತ್ತದೆ.

ಆಮೇಲಿನ ಕಥೆ ಹೇಳಿದರೆ ನಿಮಗೆ ಖುಷಿಯಾದೀತು, ಆದರೂ ಹೇಳುತ್ತೇನೆ. ದೊಡ್ಡ ರಸ್ತೆಯ ಮೆಕ್ಯಾನಿಕ್ ಬಂದು ನೋಡಿ ‘ಇದು ಹೆಂಗಸರ ಕೆಲಸ ಅಲ್ಲಮ್ಮ, ಗಂಡಸರದ್ದೂ ಅಲ್ಲ’ ಅಂದು ಹೊರಟುಹೋದ. ಇನ್ನೊಬ್ಬ ಕಾರ್ಬುರೇಟರು ಒಯ್ದು ಒಂದು ತಿಂಗಳು ಇಟ್ಟುಕೊಂಡು, ತೊಳೆದಿದ್ದೇನೆ ಎಂದು ಹಿಂದಿರುಗಿಸಿದ. ಜೊತೆಗೆ ಒಂದು ಸ್ಪ್ರಿಂಗು ಕೈಯಲ್ಲಿಟ್ಟು, ಇದು ಎಲ್ಲಿಯದೋ ಉಳಿಯಿತು, ನೋಡಿ ಅಂದ! ವೈರಿಂಗಿನದು ಇನ್ನೊಂದು ರಾಮಾಯಣ. ಹಾರ್ನ್ ಒತ್ತಿದರೆ ಹಿಂದಿನ ದೀಪ ಹತ್ತುತ್ತಿತ್ತು, ಇಂಡಿಕೇಟರ್ ಹಾಕಿದರೆ ಹಾರ್ನ್ ಕೂಗುತ್ತಿತ್ತು. ಸುಟ್ಟ ವೈರಿಗೆ ನೀವು ಸುತ್ತಿದ್ದ ಕರಿ ಟೇಪನ್ನು ಬಿಚ್ಚುತ್ತಾ ಹೋದೆ. ಟೇಪಿನ ಒಳಗೆ ಟೇಪು, ಅದರೊಳಗೆ ಮತ್ತೆ ಟೇಪು. ನಿಮ್ಮ ಸ್ವಭಾವವೇ ಅದು. ಎಲ್ಲಿ ಸುಟ್ಟರೂ ಮೇಲೊಂದು ಸುತ್ತು.

ನನಗೆ ಆಸರೆಯಾದವರು ನಮ್ಮ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಕಬ್ಬಿಣ ಕಡೆಯುವ ಲೇತ್ ತಾತ ಒಬ್ಬರೇ. ಅವರಿಗೆ ಕಿವಿ ಮಂದ, ಮಾತು ಕಮ್ಮಿ. ಎಂಜಿನ್ನಿನ ಪಕ್ಕದ ಮುಚ್ಚಳ ಬಿಚ್ಚಿ, ಬೆಲ್ಟಿನ ಗಾಲಿಯನ್ನು ಹಿಡಿದಿಡಲು ಒಂದು ವಿಶೇಷ ಪಾನಾ ಬೇಕಿತ್ತು. ಕಾಗದದ ಮೇಲೆ ಬರೆದುಕೊಟ್ಟೆ, ಹಳೆಯ ಕಬ್ಬಿಣದ ಪಟ್ಟಿಯಲ್ಲಿ ಕೊರೆದು ಕೊಟ್ಟರು. ‘ಮುಚ್ಚಳ ತೆಗೆದಾಗ ಏನು ಕಂಡ್ರೂ ಗಾಬರಿಯಾಗ್ಬೇಡ ಮಗಳೇ’ ಎಂದರು. ಅವರು ಹೇಳಿದ್ದು ಯಂತ್ರದ ವಿಷಯಕ್ಕೆ.

ಆ ಒಂದು ಮುಚ್ಚಳವನ್ನು ಮಾತ್ರ ನೀವು ಬಿಚ್ಚಿರಲಿಲ್ಲ. ಸುತ್ತ ಎಲ್ಲವನ್ನೂ ಬಿಚ್ಚಿ ಹರಡಿದ್ದಿರಿ, ಅದರ ಸ್ಕ್ರೂಗಳ ಮೇಲೆ ಮಾತ್ರ ಧೂಳು ಹಾಗೇ ಇತ್ತು. ನನಗೆ ಆಗ ಏನೂ ಅನ್ನಿಸಲಿಲ್ಲ.

ಎರಡು ಸಿಲಿಂಡರಿಗೆ ಎರಡು ಹಲ್ಲಿನ ಬೆಲ್ಟು, ಒಂದು ಹೊರಗೆ, ಒಂದು ಅದರ ಹಿಂದೆ ಒಳಗೆ. ‘ಇದು ನಿನ್ನ ಹೊಲಿಗೆ ಮಷೀನಲ್ಲ’ ಎಂದು ನೀವು ಸಾವಿರ ಸಲ ಹೇಳಿದ್ದೀರಿ. ಅಲ್ಲವೇ ಅಲ್ಲ, ಆದರೆ ತತ್ವ ಒಂದೇ. ನಮ್ಮದರಲ್ಲಿ ಸೂಜಿ ಇಳಿಯುವ ಹೊತ್ತಿಗೆ ಸರಿಯಾಗಿ ಕೆಳಗಿನ ಕೊಕ್ಕೆ ಬರಬೇಕು. ಬೆಲ್ಟು ಹಲ್ಲು ಜಾರಿಸಿದರೆ ಕೊಕ್ಕೆ ಬಂದು ಸೂಜಿಗೆ ಬಡಿಯುತ್ತದೆ. ನಿಮ್ಮದರಲ್ಲಿ ಪಿಸ್ಟನ್ ಬಂದು ವಾಲ್ವಿಗೆ ಬಡಿಯುತ್ತದೆ. ಹೊರಗಿನ ಬೆಲ್ಟು ನೋಡಲು ಇನ್ನೂ ಹೊಸದರಂತಿತ್ತು. ಒಳಗಿನದು ಒಂಬತ್ತು ವರ್ಷ ಹಳೆಯದು, ಅದರ ಬೆನ್ನ ಮೇಲೆ ಅಚ್ಚಾದ ಇಸವಿ ಇನ್ನೂ ಓದಲು ಬರುತ್ತದೆ. ಬಿರುಕು ಬಿಟ್ಟು, ಏಳು ಹಲ್ಲು ಉದುರಿ, ಅದರ ಪುಡಿ ಕೆಳಗೆ ಗುಡ್ಡೆಯಾಗಿತ್ತು.

‘ಎರಡೂ ಬೆಲ್ಟು ಹಾಕಿದ ಮೇಲೇ ಇವಳ ಕೈಗೆ ಕೊಟ್ಟಿದ್ದು.’ ಯಾರ ಮಾತು ಇದು? ಮೂರು ವರ್ಷದ ಹಿಂದೆ ಅವತ್ತು, ಸ್ಕೂಟರು ಪಂಕ್ಚರಾಗಿದೆ, ಪೇಟೆಗೆ ಹೋಗಬೇಕು ಎಂದು ಗಾಡಿ ಕೇಳಿ ಒಯ್ದವಳು ನಾನು. ಸೇತುವೆ ದಾಟಿ ನಾಲ್ಕು ಮೈಲಿಯಲ್ಲಿ ಅದು ಒಮ್ಮೆ ಕಿರುಚಿ ನಿಂತಿತು. ಅಂದಿನಿಂದ ಮದುವೆಯಲ್ಲಿ, ನಿಮ್ಮ ಅಕ್ಕನ ಮನೆಯಲ್ಲಿ, ನಿಮ್ಮ ಔಷಧಿ ಅಂಗಡಿಯ ಕಟ್ಟೆಯ ಮೇಲೆ, ಎಲ್ಲಿ ನಾಲ್ಕು ಜನ ಸೇರಿದರೂ ನಿಮ್ಮದು ಅದೇ ಕಥೆ: ‘ನಮ್ಮವಳು ಗೇರ್ ಬದಲಾಯಿಸದೆ ಎಳೆದು ಎಂಜಿನ್ ಮುಗಿಸಿಬಿಟ್ಟಳು.’ ಎಲ್ಲರೂ ನಗುವರು. ನಾನೂ ನಗುವೆ. ಮೂರು ವರ್ಷ ನಾನು ನಿಜವಾಗಿಯೂ ನಂಬಿದ್ದೆ ಕಣ್ರೀ. ನನ್ನ ಕೈಯೇ ಸರಿಯಿಲ್ಲ ಅಂದುಕೊಂಡೆ. ಕಾರ್ಖಾನೆಯಲ್ಲಿ ಹೊಸ ಮಷೀನು ಬಂದರೆ ಮೊದಲು ಬೇರೆಯವರು ಚಾಲೂ ಮಾಡಲಿ ಎಂದು ಹಿಂದೆ ಸರಿಯುತ್ತಿದ್ದೆ. ನಿಮಗೆ ಎಷ್ಟು ಸಲ ಕ್ಷಮೆ ಕೇಳಿದ್ದೇನೆ? ಪ್ರತಿ ಸಲ ನೀವು ದೊಡ್ಡ ಮನಸ್ಸು ಮಾಡಿ ‘ಹೋಗ್ಲಿ ಬಿಡು’ ಅಂದಿರಿ.

ಆ ಬೆಲ್ಟು ಕೈಯಲ್ಲಿ ಹಿಡಿದು ನಿಮ್ಮ ಅಕ್ಕನ ಮನೆಗೇ ಬಂದು ಎಲ್ಲರ ಎದುರಿಗೆ ಮೇಜಿನ ಮೇಲೆ ಬಿಸಾಡಬೇಕು ಅಂತ ಹೊರಟೆ. ಚಪ್ಪಲಿಯನ್ನೂ ಮೆಟ್ಟಿದ್ದೆ. ಹೊಸ ಬೆಲ್ಟಿನ ಅಳತೆ ಬರೆದ ಚೀಟಿ ಸಿಗಬಹುದೇ ಎಂದು ನಿಮ್ಮ ಸಾಮಾನಿನ ಕಪಾಟು ಹುಡುಕಿದೆ. ಚೀಟಿ ಸಿಗಲಿಲ್ಲ, ಬೆಲ್ಟೇ ಸಿಕ್ಕಿತು. ಒಡೆಯದ ಪೊಟ್ಟಣ, ಅದರ ಮೇಲೆ ಪೆನ್ಸಿಲ್ಲಿನಲ್ಲಿ ನಿಮ್ಮ ಅಕ್ಷರ: ‘ಒಳಗಿನದು, ಭಾನುವಾರ ೧೬.’

ಆ ತಾರೀಖು ನಾನು ಮರೆಯುವುದುಂಟೇ? ನನ್ನಮ್ಮ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡ ಭಾನುವಾರ. ಗ್ರೀಸ್ ಮೆತ್ತಿದ ಕೈಯಲ್ಲೇ ಎತ್ತಿಕೊಂಡು ಮೆಟ್ಟಿಲಿಳಿದಿರಿ. ನಾಲ್ಕು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿರಿ. ಅಮ್ಮನ ಸೀರೆಯ ಮೇಲಿನ ಆ ಐದು ಬೆರಳಿನ ಕಲೆ ಕೊನೆಗೂ ಹೋಗಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಕೂತೆ. ಬೈಯೋಣವೆಂದರೆ ಬಾಯಿ ಬಾರದು, ಬಿಡೋಣವೆಂದರೆ ಹೊಟ್ಟೆಯ ಉರಿ ಆರದು. ಬೈಯಲೂ ಬಿಡದ ಗಂಡನನ್ನು ಕಟ್ಟಿಕೊಂಡರೆ ಇದೇ ಪಾಡು.

ಆದರೆ ಒಂದು ಮಾತು. ಆಮೇಲೆ ಅಮ್ಮ ಬದುಕಿದ್ದ ಆ ಇಡೀ ವರ್ಷದಲ್ಲಿ ಐವತ್ತೆರಡು ಭಾನುವಾರ ಇದ್ದವಲ್ಲ? ಮರೆತಿರಿ, ಸರಿ, ಮನುಷ್ಯ ಮರೆಯುತ್ತಾನೆ. ಗಾಡಿ ನಿಂತ ದಿನ ನೆನಪಾಗಲಿಲ್ಲವೇ? ಆಗಿತ್ತು. ಆ ಮುಚ್ಚಳದ ಮೇಲಿನ ಧೂಳೇ ಹೇಳುತ್ತದೆ. ‘ನನ್ನದೇ ತಪ್ಪು ಕಣೇ, ಒಳಗಿನದು ಹಾಕಲಿಲ್ಲ’ ಎಂದು ಒಂದೇ ಒಂದು ಮಾತು ಅಂದಿದ್ದರೆ ಅರ್ಧ ಗಂಟೆ ಕೂಗಾಡಿ ಸುಮ್ಮನಾಗುತ್ತಿದ್ದೆ. ಆ ಮಾತು ಆಡಬೇಕಾಗಬಾರದೆಂದು ನೀವು ಗಾಡಿಯನ್ನೇ ಕೋಣೆಯಲ್ಲಿ ಹೂತಿರಿ. ಈಗ ಮುಚ್ಚಳ ಮುಚ್ಚಿದ ಹಾಗೇ ಯಾರಿಗೋ ದಾಟಿಸಲು ಹೊರಟಿದ್ದೀರಿ.

ಗಾಡಿಯ ಸ್ಥಿತಿ ಕೇಳಿ. ಬಾಗಿದ ಎರಡು ವಾಲ್ವ್ ಬದಲಾಯಿಸಿದ್ದೇನೆ. ಬೆಲ್ಟು ಎರಡೂ ಹೊಸದು, ನಿಮ್ಮ ಪೊಟ್ಟಣದ್ದು ಬಿಸಾಡಿದೆ, ಇಟ್ಟಲ್ಲೇ ಹಳತಾಗಿತ್ತು. ಮೊದಲ ಸಲ ಚಾಲೂ ಆದಾಗ ಒಂದೇ ಸಿಲಿಂಡರಿನಲ್ಲಿ ಕುಂಟಿತು. ಎರಡು ವಾರ ತಲೆ ಚಚ್ಚಿಕೊಂಡ ಮೇಲೆ ನೋಡಿದರೆ ಸ್ಪಾರ್ಕ್ ಪ್ಲಗ್ಗಿನ ಟೊಪ್ಪಿಗೆ ಸೀಳಿತ್ತು. ಅದು ಸರಿಯಾಗಿ ರಸ್ತೆಗಿಳಿದರೆ ಸಿಗ್ನಲ್ಲಿನಲ್ಲಿ ಬ್ಯಾಟರಿ ಸತ್ತಿತು. ಹಿಂದಿನ ಬಸ್ಸಿನವನು ನನ್ನ ವಂಶವನ್ನೆಲ್ಲ ನೆನೆದ. ಈಗ ಓಡುತ್ತದೆ. ಎಣ್ಣೆ ಇನ್ನೂ ಎಲ್ಲಿಂದಲೋ ತೊಟ್ಟಿಕ್ಕುತ್ತದೆ. ಕ್ಲಚ್ಚು ಡಬ್ಬಿಯಲ್ಲಿ ಚಮಚ ಕುಲುಕಿದ ಹಾಗೆ ಸದ್ದು ಮಾಡುತ್ತದೆ. ಅದು ಹಾಗೇ ಅಂತೆ, ಲೇತ್ ತಾತ ಹೇಳಿದರು, ಅವರಿಗೂ ಕೇಳಿಸಿತು.

ಇನ್ನು ನೀವು ಕುರ್ಚಿ ಹಿಡಿದು ಕೂರುವ ವಿಷಯ. ಹ್ಯಾಂಡಲ್ ಎತ್ತರಿಸಿದ್ದೇನೆ. ಟ್ಯಾಂಕಿನ ಮೇಲೆ ಹೊಟ್ಟೆ ಹಾಕಿ ಮಲಗಿ ಓಡಿಸಲು ನನ್ನ ಬೆನ್ನು ಒಪ್ಪಲಿಲ್ಲ. ತಾತ ಕಡೆದ ಎರಡು ತುಂಡು ಇಟ್ಟು ನಾಲ್ಕು ಬೆರಳು ಮೇಲೆ ತಂದೆ. ಕಾಲಿಡುವ ಕಡ್ಡಿಯನ್ನು ಕೆಳಗಿಳಿಸಿದೆ. ನಿಮ್ಮ ಸಂಗ್ರಹದವರು ಗುರುವಾರ ಬಂದಿದ್ದರು. ಹ್ಯಾಂಡಲ್ ನೋಡಿ ಎದೆಯ ಮೇಲೆ ಕೈಯಿಟ್ಟು, ‘ಅಯ್ಯೋ, ಹಾಳು ಮಾಡ್ಬಿಟ್ರಲ್ಲಮ್ಮ!’ ಎಂದು ನೀರೂ ಕುಡಿಯದೆ ಹೋದರು. ಓಡದಿದ್ದಾಗ ಬೇಕಾಗಿತ್ತು, ಓಡಿದಾಗ ಹಾಳಾಯಿತು. ನಿಮಗೆ ತಕ್ಕ ಸ್ನೇಹಿತರು.

ಆದ್ದರಿಂದ ಗಾಡಿ ಮಾರಾಟಕ್ಕಿಲ್ಲ. ನನ್ನ ಹೆಸರಿಗೆ ಮಾಡುವ ಫಾರಂ ಇದರ ಜೊತೆ ಇಟ್ಟಿದ್ದೇನೆ, ಸಹಿ ಹಾಕಿ ಕಳಿಸಿ. ಮತ್ತೆ, ನಿಮ್ಮ ಅಕ್ಕನ ಮುಂದೆ ಒಂದು ಸಲ, ಒಂದೇ ಸಲ, ‘ಬೆಲ್ಟು ನಾನೇ ಹಾಕಿರಲಿಲ್ಲ’ ಅನ್ನಿ. ನನಗೆ ಕೇಳಿಸುವುದೂ ಬೇಡ. ಅಂದಿರಿ ಎಂದು ಅವರು ನನಗೆ ಹೇಳಿದರೆ ಸಾಕು.

ಇಂತಿ,
ಹೊಲಿಗೆ ಮಷೀನಿನವಳು

ಮರೆತ ಮಾತು: ಮರೆತದ್ದಲ್ಲ, ಐದು ಸಲ ಬರೆದು ಹರಿದದ್ದು. ಪೇಟೆ ಸೇತುವೆಯ ಈಚೆ ಇದೆ ಎಂದು ನಿಮಗೂ ಗೊತ್ತು. ಅವತ್ತು ನಾನು ಪೇಟೆಗೆ ಹೊರಟಿರಲಿಲ್ಲ, ಮನೆ ಬಿಟ್ಟು ಹೊರಟಿದ್ದೆ. ಅಮ್ಮ ಹೋಗುವ ತನಕ ಕಾದಿದ್ದೆ. ನಿಂತ ಗಾಡಿಯನ್ನು ಹೇರಿ ತರಲು ನೀವು ಟೆಂಪೋ ತಂದಾಗ ನನ್ನ ಚೀಲವನ್ನು ನೀವೇ ಎತ್ತಿ ಮುಂದಿನ ಸೀಟಿನ ಕೆಳಗಿಟ್ಟಿರಿ. ಪೇಟೆಗೆ ಹೋಗುವ ಚೀಲ ಅಷ್ಟು ಭಾರ ಇರುವುದಿಲ್ಲ. ನೀವು ಕೇಳಲಿಲ್ಲ. ಎಂಜಿನ್ನಿನ ಮಾತೇ ಆಡಿದಿರಿ, ಮೂರು ವರ್ಷ ಅದನ್ನೇ ಆಡಿದಿರಿ. ನಾನೂ ಎಂಜಿನ್ನಿನ ನೆಪದಲ್ಲಿ ಆ ಚೀಲಕ್ಕೇ ಕ್ಷಮೆ ಕೇಳುತ್ತಾ ಹೋದೆನೇನೋ. ಇನ್ನೊಂದು, ಹಿಂದಿನ ಸೀಟು ಕಿತ್ತಿಲ್ಲ. ಅದಕ್ಕೆ ಬೇರೆ ಅರ್ಥ ಕಟ್ಟಬೇಡಿ, ಬೋಲ್ಟು ತುಂಬಾ ಬಿಗಿ ಇದೆ.