ಕೆನ್ಯಾದ ನಲವತ್ತೈದು

ಚಿದ್ರಿ, ಬೀದರ
೧೨ ಫೆಬ್ರುವರಿ ೨೦೨೫

ಭಾಲ್ಕಿಯ ಸುಸನ್ನಾ ಸಿಸ್ಟರ್ ಅವರಿಗೆ ವಿಲ್ಸನ ಮಾಸ್ತರನ ವಂದನೆಗಳು.

ನೀವು ನರ್ಸ್ ಕೆಲಸದಿಂದ ನಿವೃತ್ತರಾಗಿ ನಾಲ್ಕು ವರ್ಷವಾಯಿತು, ನನ್ನ ಬಾಯಿಂದ ಸಿಸ್ಟರ್ ಮಾತ್ರ ಹೋಗುತ್ತಿಲ್ಲ. ನನ್ನ ಹೆಂಡತಿ ಪರ್ಲ ಇದ್ದಾಗಿನ ರೂಢಿ. ಅವಳು ಹೋಗಿಯೂ ಆರು ವರ್ಷ. ಇರಲಿ. ವಿತ್ ಡ್ಯೂ ರಿಸ್ಪೆಕ್ಟ್ ಐ ಬೆಗ್ ಟು ಸ್ಟೇಟ್... ಮುಂದಿನದು ನೆನಪಾಗುತ್ತಿಲ್ಲ, ಕನ್ನಡದಲ್ಲೇ ಬರೆಯುತ್ತೇನೆ.

ನಿನ್ನೆ ಫೋನಿನಲ್ಲಿ ಕೇಳಿದಿರಿ: “ಸರ, ಔರಾದದ ಸ್ಯಾಮ್ ನನ್ನ ಲಗ್ನ ಆಗ್ತೀರೇನಂತ ಕೇಳ್ಯಾರ್ರಿ. ಮಂದಿ ಮುಂದ ಸುಳ್ಳ ಹೇಳೋರು ಮನ್ಯಾಗ ಖರೇ ಹೇಳ್ತಾರೇನ್ರಿ? ಆವತ್ತ ಚರ್ಚಿನ್ಯಾಗ ಅವರು ಹೇಳಿದ್ದು ಖರೇನೋ ಸುಳ್ಳೋ, ನೀವೇ ಹೇಳ್ರಿ.” ಕುಕ್ಕರ್ ಸೀಟಿ ಹೊಡೆಯಿತೆಂದು ನಾನು ಫೋನ್ ಇಟ್ಟೆ. ಒಲೆಯ ಮೇಲೆ ಕುಕ್ಕರೇ ಇರಲಿಲ್ಲ.

ಕಳೆದ ತಿಂಗಳು ನಿಮ್ಮ ಚರ್ಚಿನಲ್ಲಿ ಅವನ ಭಾಷಣ. ಜಿಯೋಥರ್ಮಲ್ ಅಂತೆ. ನೆಲದೊಳಗಿನ ಉಗಿಯಿಂದ ಕರೆಂಟು ಮಾಡುವಲ್ಲಿ, ಕೆನ್ಯಾದಲ್ಲಿ, ಹನ್ನೊಂದು ವರ್ಷ ಫಿಟ್ಟರ್ ಆಗಿದ್ದನಂತೆ. ಐಸ್‌ಲ್ಯಾಂಡಿನಲ್ಲಿ ಹತ್ತರಲ್ಲಿ ಒಂಬತ್ತು ಮನೆ ನೆಲದ ಬಿಸಿನೀರಿನಿಂದಲೇ ಬೆಚ್ಚಗಿವೆ, ಈ ಕರೆಂಟಿನಲ್ಲಿ ತುರ್ಕಿಯವರು ಹದಿನೈದೇ ವರ್ಷದಲ್ಲಿ ಜಗತ್ತಿಗೇ ನಾಲ್ಕನೇ ಸ್ಥಾನಕ್ಕೇರಿದರು, ಇಂಡೋನೇಷ್ಯಾ ಅಮೆರಿಕದ ಬೆನ್ನಿಗೇ ಇದೆ, ನಮ್ಮವರು ಲಡಾಖಿನಲ್ಲಿ ಇನ್ನೂ ಕೊರೆಯುತ್ತಿದ್ದಾರೆ ಎಂದೆಲ್ಲ ಹೇಳಿದ. ನೀವು ಗಲ್ಲಕ್ಕೆ ಕೈಯಿಟ್ಟು ಕೇಳುತ್ತಿದ್ದಿರಿ. ಮೂವತ್ತು ವರ್ಷ ಶಾಲೆಯಲ್ಲಿ ಶಾಖದ ಪಾಠ ಮಾಡಿದವನು ನಾನು. ನನ್ನ ಯಾವ ಮಾತಿಗೂ ನಿಮ್ಮ ಕೈ ಗಲ್ಲಕ್ಕೆ ಹೋದದ್ದಿಲ್ಲ.

ಆಗ ಅವನೆಂದ: “ಕೆನ್ಯಾದಾಗ ನೂರಕ್ಕ ನಲವತ್ತೈದು ಪಾಲು ಕರೆಂಟು ನೆಲದ ಉಗಿಯಿಂದನೇ ಬರ್ತದರಿ.” ನಾನು ಎದ್ದು ನಿಂತೆ. “ಫಿಟ್ಟರ್ ಸಾಹೇಬ್ರ, ನಾಲ್ಕೂವರಿ ಇರಬೇಕ್ರಿ. ನಡುವಿನ ಚುಕ್ಕಿ ಕೆನ್ಯಾದಾಗೇ ಮರ್ತ ಬಂದೀರಿ” ಎಂದೆ. ಸಭೆಯೆಲ್ಲ ನಕ್ಕಿತು. ಮಾಸ್ತರ ಹೇಳಿದ ಮೇಲೆ ಯಾರು ಎದುರಾಡುತ್ತಾರೆ? ಅವನು ಹಾಳೆ ಮಡಚಿ ಕೂತುಬಿಟ್ಟ.

ಸ್ಲಿಪ್ ಆಫ್ ಮೆಮೊರಿ, ಸಿಸ್ಟರ್. ವಯಸ್ಸಾಯಿತು. ಇಂದು ಲೈಬ್ರರಿಗೆ ಹೋಗಿ ನೋಡಿದೆ, ನಲವತ್ತೈದರ ಆಸುಪಾಸೇ ಸರಿ. ಸ್ಯಾಮ್ ಸುಳ್ಳುಗಾರನಲ್ಲ. ಬೇಕಾದರೆ ಈ ಪತ್ರವನ್ನು ಚರ್ಚಿನಲ್ಲಿ ಎಲ್ಲರೆದುರು ಓದಿಸಿ. ಆದರೂ ಔರಾದಕ್ಕೆ ರೈಲಿಲ್ಲ, ನಿಮ್ಮ ಮೊಣಕಾಲಿಗೆ ಬಸ್ಸು ಒಗ್ಗುವುದಿಲ್ಲ. ಅದನ್ನೂ ಒಂದಿಷ್ಟು ಯೋಚಿಸಿ.

ನಿಮ್ಮ ಉತ್ತರಕ್ಕೆ ಹೆದರುವ,
ವಿಲ್ಸನ

ತಾ.ಕ.: ಲೈಬ್ರರಿಗೆ ನಾನು ಹೋಗಲಿಲ್ಲ. ಆವತ್ತು ಎದ್ದು ನಿಲ್ಲುವಾಗಲೇ ನಲವತ್ತೈದು ಸರಿಯೆಂದು ಗೊತ್ತಿತ್ತು. ಸ್ಯಾಮ್ ಕೇಳಿದ್ದನ್ನೇ ನಿಮ್ಮಲ್ಲಿ ಕೇಳಬೇಕೆಂದು ಅಂದು ನಾನೂ ಹೊಸ ಅಂಗಿ ಹೊಲಿಸಿಕೊಂಡು ಬಂದಿದ್ದೆ.