ಕ್ರಾಮ್‌ವೆಲ್ ಕೊರಳಿನ ಸರ

ರೆಸ್ಟನ್, ಅಕ್ಟೋಬರ್ 27, 1996

ಬಟ್ಟೆ ಡ್ರೈಯರಿನಲ್ಲಿದೆ. ಅದು ಮುಗಿಯುವಷ್ಟರಲ್ಲಿ ಬರೆದುಬಿಡಬೇಕು. ಕನ್ನಡ ಸಂಘದವರು ನನ್ನ ನಾಟಕ ಒಪ್ಪಿದರು! ನವೆಂಬರ್ 9ರ ಶನಿವಾರ ಇಟ್ಟುಕೊಂಡಿರುವ ರಾಜ್ಯೋತ್ಸವಕ್ಕೆ, ಇಪ್ಪತ್ತೈದು ನಿಮಿಷ. ಎಂಟನೇ ಹೆನ್ರಿಯ ಮಂತ್ರಿ ಕ್ರಾಮ್‌ವೆಲ್ — ಕಮ್ಮಾರನ ಮಗ, ಇಡೀ ಇಂಗ್ಲೆಂಡನ್ನು ಆಡಿಸಿದವನು, ಒಂದೇ ಮಧ್ಯಾಹ್ನದಲ್ಲಿ ಬಿದ್ದವನು. ಮೈಸೂರಿನ ಕಾಲೇಜಿನಲ್ಲಿ ಆರು ವರ್ಷ ಪಾಠ ಮಾಡಿದ ಕಥೆ. ಇಲ್ಲಿ ಅಮೆರಿಕದಲ್ಲಿ ನನ್ನ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ. ಮೂರು ವರ್ಷದಿಂದ ನಾನು ‘ಪ್ರಶಾಂತ್ ಮಿಸೆಸ್’ ಅಷ್ಟೆ. ನಾಟಕ ಕೆಟ್ಟರೆ ಮತ್ತೆ ಅಷ್ಟೇ.

ಅಧ್ಯಕ್ಷ ತ್ಯಾಗರಾಜ ಅಂಕಲ್ ಮಾತ್ರ, “ಏನಮ್ಮಾ ಮೈಥಿಲಿ, ಜನ ಊಟಕ್ಕೆ ಕಾಯ್ತಿರ್ತಾರೆ, ಕಾಮಿಡಿ ಇಟ್ಕೋಬಾರ್ದಾ?” ಎಂದರು. ತೋರಿಸುತ್ತೇನೆ!

ನವೆಂಬರ್ 6

ಮಂತ್ರಿ ಆಗಬೇಕಿದ್ದ ಸುರೇಶನನ್ನು ಕಂಪನಿಯವರು ದಿಢೀರನೆ ಬೇರೆ ಊರಿನ ಪ್ರಾಜೆಕ್ಟಿಗೆ ಕಳಿಸಿದರು. ಉಳಿದಿರುವುದು ಮೂರೇ ದಿನ. ಮಾತೆಲ್ಲ ಬಾಯಿಪಾಠ ಇರುವುದು ನನಗೊಬ್ಬಳಿಗೇ... ನಾನೇ ಮಂತ್ರಿ! ಪ್ರಶಾಂತನದು ಮಂತ್ರಿಯ ವೈರಿ ಡ್ಯೂಕ್‌ನ ಪಾತ್ರ — ಸಭೆಯಲ್ಲಿ ನನ್ನ ಅಧಿಕಾರದ ಸರ ಕಿತ್ತುಕೊಳ್ಳುವವನು. ಅದೇ ಕೊನೆ. ಅದಿಲ್ಲದಿದ್ದರೆ ನಾಟಕವೇ ಇಲ್ಲ.

ಮೈಸೂರಿನಿಂದ ಬಂದಿರುವ ಅತ್ತೆ ಮೂತಿ ತಿರುವಿದರು. “ಗಂಡಸಿನ ವೇಷ ಹಾಕಿ, ಎಲ್ಲರೆದುರು ಗಂಡನ ಕೈಲಿ ಸರ ಕೀಳಿಸ್ಕೋತೀಯಾ? ಚೆನ್ನಾಗಿದೆ!”

ನವೆಂಬರ್ 9, ಬೆಳಗ್ಗೆ 8

ಎದ್ದು ನೋಡಿದರೆ ಕಿರೀಟ, ಗೌನು, ಗಿಲೀಟಿನ ಸರ ಎಲ್ಲ ನಮ್ಮ ದೇವರಮನೆಯಾದ ಕ್ಲಾಸೆಟ್ಟಿನಲ್ಲಿ, ದೇವರ ಮುಂದೆ. ಅತ್ತೆ ಕುಂಕುಮ ಹಚ್ಚಿದ್ದಾರೆ! “ವೇಷದ ಸಾಮಾನಿಗೆ ಪೂಜೆ ಮಾಡ್ದೆ ಸ್ಟೇಜ್ ಹತ್ತಬಾರ್ದು.” ಮುಖ ಮಾತ್ರ ಬಿಗಿ. ಹೊರಡಬೇಕು —

ನವೆಂಬರ್ 10

ಸ್ಕೂಲ್ ಆಡಿಟೋರಿಯಂ ತುಂಬಿತ್ತು. ಪರದೆ ಏಳಲು ಐದು ನಿಮಿಷ — ಸರವೇ ಇಲ್ಲ. ಪೂಜೆಗಿಟ್ಟದ್ದು ದೇವರ ಮುಂದೆಯೇ ಉಳಿದಿದೆ! ನನ್ನ ಕೊರಳಲ್ಲಿದ್ದದ್ದು ತಾಳಿ ಒಂದೇ. ಅದನ್ನು ಕೀಳಲು ಪ್ರಶಾಂತ್ ಒಪ್ಪಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಅಳು ಬಂತು.

ಅತ್ತೆ ಗ್ರೀನ್ ರೂಮಿಗೆ ಬಂದರು. ತಮ್ಮ ಚಿನ್ನದ ಗುಂಡಿನ ಸರ ತೆಗೆದು ನನಗೆ ಹಾಕಿದರು. “ನನ್ನಿಂದ್ಲೇ ಆಗಿದ್ದು. ಹೋಗು.”

ಕೊನೆಯ ದೃಶ್ಯ. ಸರಕ್ಕೆ ಕೈ ಹಾಕಿದ ಪ್ರಶಾಂತ್ ಹಾಗೇ ನಿಂತುಬಿಟ್ಟ. ಅಮ್ಮನ ಸರ! ಆಗ ಮುಂದಿನ ಸಾಲಿನಿಂದ ಅತ್ತೆಯ ದನಿ — “ಎಳಿಯೋ!”

ಎಳೆದ. ಗುಂಡುಗಳು ಸ್ಟೇಜ್ ತುಂಬ ಉರುಳಿದವು. ಮಂಡಿಯೂರಿದೆ. ಚಪ್ಪಾಳೆ, ಚಪ್ಪಾಳೆ! ತ್ಯಾಗರಾಜ ಅಂಕಲ್ ಊಟ ಬಿಟ್ಟು, ನೆಲದ ಮೇಲೆ ತೆವಳಿ ಗುಂಡು ಹುಡುಕಿದರು.

ಈಗಷ್ಟೇ ಅಟ್ಲಾಂಟಾ ಕನ್ನಡ ಕೂಟದಿಂದ ಫೋನ್. ಯುಗಾದಿಗೆ ಅಲ್ಲಿಯೂ ಆಡಬೇಕಂತೆ. “ಮೈಥಿಲಿ ಮೇಡಂ ಇದ್ದಾರಾ?” ಎಂದು ಕೇಳಿದರು. ಮೇಡಂ! ಎಷ್ಟು ಖುಷಿಯಾಯಿತೆಂದರೆ, “ಯಾರು ಬೇಕಿತ್ತು?” ಎಂದು ಇನ್ನೊಮ್ಮೆ ಹೇಳಿಸಿಕೊಂಡೆ.

ಅತ್ತೆ ಊಟದ ಟೇಬಲ್ಲಿನಲ್ಲಿ ಗುಂಡು ಪೋಣಿಸುತ್ತಿದ್ದಾರೆ. ತಲೆ ಎತ್ತದೆ ಅಂದರು, “ಒಪ್ಕೋ. ಈ ಸಲ ತೆಳ್ಳಗಿರೋ ದಾರ ಹಾಕ್ತೀನಿ. ಕೀಳೋಕೆ ಪಾಪ ನನ್ನ ಮಗ ತುಂಬಾ ಕಷ್ಟಪಟ್ಟ.”

ಸೂಜಿಗೆ ದಾರ ಏರಿಸಿಕೊಡಲು ಕರೆಯುತ್ತಿದ್ದಾರೆ. ಬಂದೆ ಅತ್ತೆ, ಇನ್ನೊಂದೇ ಸಾಲು...