ಈ ಸಲ ನಿಮ್ಮ ತೋಳು

ರೀ,

ಪಾತ್ರೆ ತೊಳೆಯುತ್ತಿದ್ದಾಗ ಆಸ್ಪತ್ರೆಯಿಂದ ಫೋನ್ ಬಂತು. ಅತ್ತೆಯವರ ಗಾಯವನ್ನು ಮಂತ್ರ ಹಾಕಿ ಮುಚ್ಚಿದ್ದಾರಂತೆ. ಆದರೆ ರಕ್ತವನ್ನು ಯಾವ ಮಂತ್ರವೂ ಹುಟ್ಟಿಸಲಾರದು. ಸಂಜೆಯೊಳಗೆ ಒಂದು ಬಾಟಲಿ ಸಿಗದಿದ್ದರೆ ಅವರು ಉಳಿಯುವುದಿಲ್ಲ. ಮನೆಯಲ್ಲಿ ನಮ್ಮಿಬ್ಬರದೇ ಹೊಂದುವುದು. ಹನ್ನೊಂದು ಗಂಟೆಗೆ ನಿಮ್ಮ ಹೆಸರು ಬರೆಸಿದ್ದೇನೆ. ನಿಮ್ಮನ್ನು ಎಬ್ಬಿಸಲಿಲ್ಲ, ಎಬ್ಬಿಸಿದ್ದರೆ ನೆಪ ಹುಡುಕುತ್ತಿದ್ದಿರಿ.

ನನ್ನದು ಆಗದು. ಕಳೆದ ಸಲ ಅತ್ತೆಯವರಿಗೆಂದು ಕೊಟ್ಟಾಗ ಬಾಟಲಿಗೆ ಇಳಿಯುತ್ತಲೇ ಕಪ್ಪಗೆ ಹೆಪ್ಪುಗಟ್ಟಿತಲ್ಲ. "ಮನಸ್ಸಿಲ್ಲದೆ ಕೊಟ್ರೆ ಹೀಗೇ ಆಗೋದಮ್ಮ, ಮಂತ್ರದ ಬಾಟಲಿ ಸುಳ್ಳು ಹೇಳಲ್ಲ" ಅಂದಳು ನರ್ಸು, ನಿಮ್ಮ ತಂಗಿಯರ ಎದುರಿಗೇ. ಇಪ್ಪತ್ತು ವರ್ಷ ನಾನು ಅತ್ತೆಯವರ ಕಾಲು ಒತ್ತಿದ್ದನ್ನು ಯಾವ ಬಾಟಲಿಯೂ ತೋರಿಸಲಿಲ್ಲ. ನೀವು "ಹೋಗ್ಲಿ ಬಿಡೆ" ಅಂದಿರಿ, ಅಷ್ಟೇ.

ತಿಂಡಿ ಮುಚ್ಚಿಟ್ಟಿದ್ದೇನೆ, ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಅವರ ಕನ್ನಡಕ, ಒಗೆದ ಬಟ್ಟೆ ಚೀಲದಲ್ಲಿವೆ. ಅರ್ಧ ತೋಳಿನ ಅಂಗಿ ಇಸ್ತ್ರಿ ಮಾಡಿ ಕುರ್ಚಿಯ ಮೇಲಿಟ್ಟಿದ್ದೇನೆ.

ಸೂಜಿ ಕಂಡರೆ ತಲೆ ಸುತ್ತುತ್ತದೆ ಎಂದು ಇಷ್ಟು ವರ್ಷ ತಪ್ಪಿಸಿಕೊಂಡಿರಿ. ಮೊನ್ನೆ ಹಲ್ಲಿನ ಡಾಕ್ಟರು ಎರಡು ಸಲ ಚುಚ್ಚಿದಾಗ ಕಣ್ಣೂ ಮಿಟುಕಿಸಲಿಲ್ಲ. ನಿಮಗಿರುವುದು ಸೂಜಿಯ ಭಯವಲ್ಲ, ಬಾಟಲಿಯ ಭಯ ಎಂದು ಅಲ್ಲೇ ಅರ್ಥವಾಯಿತು.

ನಾನು ಹೊಲಿಗೆ ಅಂಗಡಿಗೆ ಹೋಗುತ್ತೇನೆ. ನಿಮ್ಮ ತಂಗಿಯರಿಗೂ ಹೇಳಿಲ್ಲ, ನೋಡುವವರು ಯಾರೂ ಇರುವುದಿಲ್ಲ.

ಚುಚ್ಚುವ ಮೊದಲು, ಅತ್ತೆಯವರು ನಿಮಗೆ ಪ್ರೀತಿಯಿಂದ ಮಾಡಿದ ಒಂದಾದರೂ ಕೆಲಸವನ್ನು ನೆನೆಸಿಕೊಳ್ಳಿ. ನನ್ನ ಪಾಲಿನದನ್ನು ಬೆಳಗಿನಿಂದ ನಾನೂ ಹುಡುಕಿದೆ. ಸಿಗಲಿಲ್ಲ.